ಜ್ವರಕ್ಕೆ ಕೂತ ಹವಳ

ಕೆಲವು ತಿಂಗಳ ಹಿಂದೆ ಭವ್ಯ ನಮ್ಮ ಮನೆಗೆ ಬಂದಳು. ಶಿಡ್ಲಘಟ್ಟದ ಕಡೆಯ ಹುಡುಗಿ, ರೇಷ್ಮೆ ಬೆಳೆಯುವ ಮನೆಯವಳು. ಚಿಕ್ಕಬಳ್ಳಾಪುರದಲ್ಲಿ ಓದಿ, ಆಮೇಲೆ ಸಮುದ್ರದ ಜೀವಿಗಳ ಬಗ್ಗೆ ಇನ್ನೂ ಏನೋ ದೊಡ್ಡದು ಓದಿ, ನಾನು ಕೆಲಸ ಮಾಡಿ ನಿವೃತ್ತನಾದ ಅದೇ ಸಾಗರ ಉದ್ಯಾನಕ್ಕೆ ಸಂಶೋಧನಾ ಸಹಾಯಕಿಯಾಗಿ ಆಯ್ಕೆಯಾಗಿದ್ದಳು. ಕಾಫಿ ಲೋಟ ಹಿಡಿದುಕೊಂಡು ಕೇಳಿದಳು.

"ಅಂಕಲ್, ಅಲ್ಲಿಗೆ ಏನೇನ್ ತಗೊಂಡೋಗ್ಲಿ?"

"ಟವಲ್ ಎರಡು ಜಾಸ್ತಿ ಇಟ್ಕೊಳಮ್ಮ. ನಾಚಿಕೆ ಸ್ವಲ್ಪ ಕಮ್ಮಿ ಇಟ್ಕೊ," ಅಂದೆ.

ಅವಳು ನಕ್ಕಳು. ನಾನೂ ನಕ್ಕೆ, ಆದರೆ ನನ್ನ ನಗುವಿನಲ್ಲಿ ಅರ್ಧ ಭಯವಿತ್ತು. ಕಾರಣ ಇಷ್ಟು. ಆ ಉದ್ಯಾನದ ಕಚೇರಿಯಲ್ಲಿ, ಕಿಟಕಿ ಪಕ್ಕದ ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ, ಒಂದು ಹಳೆಯ ಫೈಲು ಇದೆ. ಹವಳ ಕಳವಿನ ಫೈಲು. ಅದರ ಇಂಗ್ಲಿಷ್ ಹಾಳೆಗಳೆಲ್ಲ ಒಬ್ಬ ಒಳ್ಳೆಯ ಮನುಷ್ಯನನ್ನು ಕಳ್ಳನಿರಬಹುದು ಎಂದು ಅನುಮಾನಿಸುತ್ತವೆ. ಅಲ್ಲ ಎಂದು ಹೇಳುವ ಹಾಳೆ ಒಂದೇ ಒಂದು. ಅದು ಕನ್ನಡದಲ್ಲಿದೆ, ಬರೆದವನು ನಾನು. ಆ ಕಚೇರಿಯಲ್ಲಿ ಬಂಗಾಳಿ, ತಮಿಳು, ತೆಲುಗು, ಮಲಯಾಳಂ ಎಲ್ಲ ಬಲ್ಲವರಿದ್ದರು. ಕನ್ನಡ ಓದುವವರು ನಾನಿರುವಷ್ಟು ದಿನ ಒಬ್ಬರೂ ಬರಲಿಲ್ಲ. ಅದನ್ನು ನಂಬಿಕೊಂಡೇ ನಾನು ಹಾಗೆ ಬರೆದದ್ದು.

ಈಗ ಭವ್ಯ ಹೋಗುತ್ತಿದ್ದಾಳೆ. ಧೂಳು ಕಂಡರೆ ಸುಮ್ಮನಿರುವ ಹುಡುಗಿಯಲ್ಲ, ಬೀರು ತೆಗೆದೇ ತೆಗೆಯುತ್ತಾಳೆ. ಅವಳು ಅದನ್ನು ಓದುವ ಮೊದಲು ನಾನೇ ಹೇಳಿಬಿಡೋಣ ಎಂದು ಬರೆಯಲು ಕೂತೆ. ಅವಳ ಹಾಗೆ ಈ ಕೆಲಸಕ್ಕೆ ಸೇರುವ ಬೇರೆ ಮಕ್ಕಳಿಗೂ ಉಪಯೋಗವಾದೀತು. ಬಡ್ತಿಗಳ ವಿಷಯ ಬರೆಯುವುದಿಲ್ಲ. ಕೂದಲು ಉದುರಿದ ಹಾಗೆ ಅವೂ ತಮ್ಮ ಪಾಡಿಗೆ ತಾವು ಆದವು.

ನನ್ನ ಹೆಸರು ಮುನಿರಾಜು, ಊರು ಜಂಗಮಕೋಟೆ. ಸಮುದ್ರಕ್ಕೂ ನಮ್ಮೂರಿಗೂ ಇರುವ ಸಂಬಂಧ ಉಪ್ಪಿನದು ಮಾತ್ರ. ನಾನು ಕೆಲಸದ ಜಾಹೀರಾತು ಓದಿದ್ದು ಬೋಂಡ ಕಟ್ಟಿಕೊಟ್ಟ ಪತ್ರಿಕೆಯ ತುಂಡಿನಲ್ಲಿ. 'ರಾಷ್ಟ್ರೀಯ ಉದ್ಯಾನಕ್ಕೆ ಕಾವಲುಗಾರರು ಬೇಕಾಗಿದ್ದಾರೆ' ಎಂದಿತ್ತು. 'ಸಾಗರ' ಎಂಬ ಪದದ ಮೇಲೆ ಎಣ್ಣೆ ಕೂತಿತ್ತು. ಚಿಂತಾಮಣಿಯ ಟೈಪಿಂಗ್ ಅಂಗಡಿಯವರು ಅರ್ಜಿ ತುಂಬಿದರು, ತೋರಿಸಿದ ಕಡೆ ನಾನು ಸಹಿ ಹಾಕಿದೆ. ಆದೇಶ ಬಂದಾಗ ದ್ವೀಪ ಎಂದಿದ್ದದ್ದು ಕಂಡಿತು. ದ್ವೀಪದಲ್ಲೂ ತೋಟ ಇರಬಾರದೇ ಎಂದುಕೊಂಡೆ. ನಮ್ಮಮ್ಮ ಅಕ್ಕಯ್ಯಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು, "ನಮ್ ಮುನಿರಾಜು ಸರ್ಕಾರದೋರ ಹೂವಿನ ತೋಟಕ್ಕೆ ಹೋಗ್ತಾನೆ" ಎಂದು. ಟ್ರಂಕಿನಲ್ಲಿ ಸೊಪ್ಪು ಕೊಯ್ಯುವ ಕುಡುಗೋಲು ಇಟ್ಟು ಕಳಿಸಿದಳು.

ಹಡಗಿನಲ್ಲಿ ಮೂರು ದಿನ ವಾಂತಿ ಮಾಡಿಕೊಂಡು ಇಳಿದವನು ನಮ್ಮ ರೇಂಜ್ ಅಧಿಕಾರಿ ದಾಸ್ ಸಾಹೇಬರ ಮುಂದೆ ನಿಂತು, ಬಂದಷ್ಟು ಹಿಂದಿಯಲ್ಲಿ "ಉದ್ಯಾನ ಎಲ್ಲಿ ಸಾರ್?" ಎಂದು ಕೇಳಿದೆ. ಅವರು ಕಿಟಕಿಯ ಆಚೆ ಕೈ ತೋರಿಸಿದರು. ಅಲ್ಲಿ ನೀರು ಬಿಟ್ಟು ಬೇರೆ ಏನೂ ಇರಲಿಲ್ಲ. ನಾನು ಇನ್ನೊಂದು ಕಿಟಕಿಯ ಕಡೆ ನೋಡಿದೆ. ಅಲ್ಲೂ ನೀರೇ.

ದಾಸ್ ಸಾಹೇಬರು ಬಂಗಾಳದವರು. ಒಳ್ಳೆಯವರು, ಆದರೆ ಅವರಿಗೆ ಒಂದೇ ಒಂದು ಮಂತ್ರ ಬರುತ್ತಿತ್ತು: "ಲಿಖ್ ಕೇ ದೋ." ಬರೆದುಕೊಡು. ಅಕ್ಕಿ ಮುಗಿದಿದೆ ಸಾರ್ ಎಂದರೆ ಬರೆದುಕೊಡು. ದೋಣಿ ತೂತಾಗಿದೆ ಎಂದರೆ ಬರೆದುಕೊಡು. ಒಮ್ಮೆ ಅಡುಗೆಯವನ ಕಾಲನ್ನು ಏಡಿ ಹಿಡಿದುಕೊಂಡು ಬಿಡದೆ ಇದ್ದಾಗ, ಅವನು ಕೂಗುತ್ತಲೇ ಬಂದರೆ, ಇವರು ಪೆನ್ನು ಮುಂದಕ್ಕೆ ಚಾಚಿದ್ದರು. ಏಡಿ ಸಹ ಆ ಪೆನ್ನು ನೋಡಿಯೇ ಬಿಟ್ಟಿತು ಎಂದು ನಾವು ಹೇಳಿಕೊಳ್ಳುತ್ತಿದ್ದೆವು.

ಎರಡನೇ ದಿನ ಈಜಿನ ಪರೀಕ್ಷೆ. ಈಜು ನನಗೆ ಬರುತ್ತಿತ್ತು, ಬೆಂಡು ಕಟ್ಟಿಕೊಂಡು ನಮ್ಮ ತೋಟದ ಬಾವಿಯಲ್ಲಿ ಕಲಿತದ್ದು. ಬಾವಿಯಲ್ಲಿ ಕಲಿತವನಿಗೆ ನೇರ ಹೋಗುವ ಅಭ್ಯಾಸವಿರುವುದಿಲ್ಲ, ನಾಲ್ಕು ಕೈ ಹಾಕಿದರೆ ಗೋಡೆ ಬರುತ್ತದೆ, ತಿರುಗಬೇಕು. ಜೆಟ್ಟಿಯಿಂದ ಹಾರಿದವನು ಅಲ್ಲೇ ಸುತ್ತು ಹೊಡೆಯತೊಡಗಿದೆ. ದೂರದಲ್ಲಿ ಕಟ್ಟಿದ್ದ ಕೆಂಪು ಡಬ್ಬಿಯನ್ನು ಮುಟ್ಟಿ ಬರಬೇಕಿತ್ತು. ನಾನು ಅದರ ಕಡೆ ಮೂರು ಸಲ ಮುಖ ಮಾಡಿ ಮೂರು ಸಲವೂ ಹಿಂದಕ್ಕೆ ಬಂದೆ. ಆಗ ದೋಣಿಯ ಮೇಲಿಂದ ಒಂದು ದನಿ ಕೇಳಿತು.

"ಏಟಿ ಬಾಬೂ, ಗೋಡ ಎತುಕುತುನ್ನಾವಾ?"

ಗೋಡೆ ಹುಡುಕುತ್ತಿದ್ದೀಯಾ ಎಂದು. ತೆಲುಗು ಕೇಳಿ ನನಗೆ ಚಿಂತಾಮಣಿ ಸಂತೆಯಲ್ಲಿ ನಿಂತಷ್ಟು ಸಂತೋಷವಾಯಿತು. ಅವರೇ ಪಾಪಾರಾವ್ ಗಾರು. ಆಂಧ್ರದ ಕರಾವಳಿಯಿಂದ ಬಂದು ದ್ವೀಪದಲ್ಲಿ ನೆಲೆ ನಿಂತವರು, ಉದ್ಯಾನದ ದೋಣಿ ನಡೆಸುವವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಬಾಯಲ್ಲಿ ಸದಾ ಎಲೆ ಅಡಿಕೆ. ತಿಂಗಳಿಗೆ ಸಾಕಾಗುವಷ್ಟು ಸುಣ್ಣವನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ತುಂಬಿ ದೋಣಿಯ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಡಬ್ಬಿ ನೆನಪಿರಲಿ.

ನನಗೆ ಸಮುದ್ರ ಕಲಿಸಿದವರು ಅವರು. ಹವಳ ಕಲ್ಲಲ್ಲ, ಜೀವ ಎಂದು ಮೊದಲು ಹೇಳಿದವರೂ ಅವರೇ. ಹವಳದ ದಿಬ್ಬಗಳಿಗೆ ನಕ್ಷೆಯಲ್ಲಿ ನಂಬರುಗಳಿದ್ದವು, ನನಗೆ ನಂಬರು ತಲೆಗೆ ಹತ್ತುತ್ತಿರಲಿಲ್ಲ. ಅದಕ್ಕೆ ನಾನು ಊರುಗಳ ಹೆಸರಿಟ್ಟೆ. ನೀರಿನ ಸೆಳೆತ ಹೆಚ್ಚಿದ್ದು ದೋಣಿ ಯಾವಾಗ ಮಗುಚುತ್ತದೋ ಎಂದು ಚಿಂತೆ ಹುಟ್ಟಿಸುತ್ತಿದ್ದ ಕಡೆ ಚಿಂತಾಮಣಿ. ಒಂದು ಬಂಡೆಯ ಹತ್ತಿರ ದೊಡ್ಡ ದೊಡ್ಡ ಮೀನುಗಳು ಸಾಲಾಗಿ ಬಂದು ಬಾಯಿ ತೆರೆದು ನಿಲ್ಲುತ್ತಿದ್ದವು. ಬೆರಳುದ್ದದ ಪುಟ್ಟ ಮೀನುಗಳು ಅವುಗಳ ಮೈಗೆ ಅಂಟಿದ ಹುಳ ತೆಗೆದು ವಾಸಿ ಮಾಡಿ ಕಳಿಸುತ್ತಿದ್ದವು. ಎಲ್ಲ ಜಾತಿಯವೂ ಬರುತ್ತಿದ್ದವು, ಅಲ್ಲಿ ಒಂದು ಇನ್ನೊಂದನ್ನು ತಿನ್ನುತ್ತಿರಲಿಲ್ಲ. ಅದು ಮುರುಗಮಲ್ಲ. ರೋಗ ವಾಸಿಗೆಂದು ಎಲ್ಲ ಜಾತಿಯವರೂ ಹೋಗುವ ಅಲ್ಲಿನ ದರ್ಗಾಕ್ಕೆ ಹೋಗಿ ಬಂದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಜೆಟ್ಟಿಯ ಪಕ್ಕದಲ್ಲೇ, ಇಳಿತದ ಹೊತ್ತಿನಲ್ಲಿ ಮೊಳಕಾಲುದ್ದ ನೀರಿನಲ್ಲಿ, ಗೂಡು ಕಟ್ಟಲು ರೇಷ್ಮೆ ಹುಳು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಹರಡಿದ ಹಾಗೆ ಹವಳ ಹರಡಿಕೊಂಡಿದ್ದ ದಿಬ್ಬಕ್ಕೆ ಜಂಗಮಕೋಟೆ ಎಂದಿಟ್ಟೆ. ಅದು ನನ್ನದು ಎನ್ನಿಸಿಬಿಟ್ಟಿತ್ತು.

ಪಾಪಾರಾವ್ ಗಾರು ಅವೇ ಹೆಸರು ಹಿಡಿದರು, ಅವರಿಂದ ಬೇರೆಯವರೂ ಹಿಡಿದರು. ಮುರುಕು ಹಿಂದಿಯಲ್ಲಿ ತುಂಬುತ್ತಿದ್ದ ದಿನಚರಿ ಪುಸ್ತಕದಲ್ಲೂ ನಾನು ಅವನ್ನೇ ಬರೆದೆ. ಮೂರು ತಿಂಗಳಿಗೆ ಮುಖ್ಯ ಕಚೇರಿಯಿಂದ ಮೆಮೊ ಬಂತು. ಸದರಿ ನೌಕರರು ರಜೆ ಪಡೆಯದೆ ಕರ್ನಾಟಕದ ಚಿಂತಾಮಣಿಗೆ ಒಂದೇ ವಾರದಲ್ಲಿ ನಾಲ್ಕು ಸಲ ಹೋಗಿ ಬಂದಿದ್ದು, ಅಲ್ಲಿ ದೊಡ್ಡ ಆಮೆಯೊಂದು ಈಜುವುದನ್ನು ನೋಡಿರುವುದಾಗಿ ತಾವೇ ಬರೆದಿದ್ದಾರೆ, ವಿವರಣೆ ಕೊಡತಕ್ಕದ್ದು ಎಂದು. ದಾಸ್ ಸಾಹೇಬರು ಮೆಮೊ ಓದಿ, ನನ್ನನ್ನು ನೋಡಿ, ಪೆನ್ನು ಚಾಚಿದರು.

ನಾನು ಹಿಡಿದ ಮೊದಲ ಕಳ್ಳರ ಕತೆಯೂ ಹೀಗೇ. ಸಮುದ್ರ ಸೌತೆ ಎಂಬ ಪ್ರಾಣಿ ಇದೆ. ಮರಳಿನ ಮೇಲೆ ಬಿದ್ದುಕೊಂಡು, ಮರಳನ್ನೇ ತಿಂದು ಶುದ್ಧ ಮಾಡುವ ಬಡಪಾಯಿ. ನೋಡಲು ಸೊಪ್ಪು ತಿಂದು ದಪ್ಪಗಾದ ರೇಷ್ಮೆ ಹುಳು ಹತ್ತು ಪಟ್ಟು ಊದಿದ ಹಾಗೆ. ಅದನ್ನು ಒಣಗಿಸಿ ಹೊರದೇಶಕ್ಕೆ ಕದ್ದು ಸಾಗಿಸುವವರಿದ್ದರು. ಎರಡು ಮೂಟೆ ಸಮೇತ ಇಬ್ಬರನ್ನು ಹಿಡಿದು, ಹೆಮ್ಮೆಯಿಂದ ವೈರ್‌ಲೆಸ್ಸಿನಲ್ಲಿ ಹಿಂದಿಯಲ್ಲಿ ಕೂಗಿದೆ: "ಸೌತೆಕಾಯಿ ಕಳ್ಳರು ಸಿಕ್ಕಿದ್ದಾರೆ, ಬೇಗ ಜನ ಕಳಿಸಿ." ಅರ್ಧ ಗಂಟೆಗೆ ಬಂದವನು ಕಚೇರಿಯ ಹಿತ್ತಲಿನ ಮಾಲಿ, ಕೈಯಲ್ಲಿ ಬಿದಿರು ಕೋಲು. "ನಮ್ಮ ಬಳ್ಳಿಯಲ್ಲಿ ಎಲ್ಲ ಕಾಯಿಯೂ ಹಾಗೇ ಇದೆಯಲ್ಲ," ಎಂದ. ಕಳ್ಳರೂ ನಕ್ಕರು. ಮಕ್ಕಳೇ, ವೈರ್‌ಲೆಸ್ಸಿನಲ್ಲಿ ಪ್ರಾಣಿಯ ಪೂರ್ತಿ ಹೆಸರು ಹೇಳಿ.

ಇನ್ನು ಆ ಫೈಲಿನ ವಿಷಯ. ತಡ ಮಾಡಿದಷ್ಟೂ ಕಷ್ಟ.

ಅದು ನನ್ನ ಎರಡನೇ ಬೇಸಿಗೆ. ನೀರು ಕಾಲಿಗೆ ಬೆಚ್ಚಗೆ ತಾಗುತ್ತಿತ್ತು, ಗಾಳಿ ಇರಲಿಲ್ಲ. ಒಂದು ದಿನ ನೋಡುತ್ತೇನೆ, ಜಂಗಮಕೋಟೆಯ ಹವಳದಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಗಾಗಿವೆ. ಮಸುಕು ಬಿಳುಪಲ್ಲ, ಗೋಡೆಗೆ ಹೊಡೆದ ಸುಣ್ಣದ ಬಿಳುಪು. ರೇಷ್ಮೆ ಮನೆಯಲ್ಲಿ ಹುಟ್ಟಿದವನಿಗೆ ಆ ಬಿಳುಪು ಕಂಡರೆ ಒಂದೇ ಹೆಸರು ನೆನಪಿಗೆ ಬರುವುದು: ಸುಣ್ಣಕಟ್ಟು. ಹುಳು ಸತ್ತು ಬೆಳ್ಳಗೆ ಸೆಟೆದುಕೊಳ್ಳುವ ರೋಗ. ಒಂದು ತಟ್ಟೆಗೆ ಬಂದರೆ ನಾಳೆ ಮನೆಯೆಲ್ಲ. ಅದಕ್ಕೆ ಮಾಡುವುದು ಒಂದೇ, ಬೆಳ್ಳಗಾದವನ್ನು ಆರಿಸಿ ತೆಗೆದು, ಸುಣ್ಣ ಹಾಕಿ ಹೂತುಬಿಡುವುದು. ನಮ್ಮಮ್ಮ ಒಂದು ಹುಳು ಕಂಡರೆ ಊಟ ಬಿಟ್ಟು ಓಡುತ್ತಿದ್ದಳು.

ನಾನೂ ಓಡಿದೆ. ಮಧ್ಯಾಹ್ನ, ಇಳಿತದ ಹೊತ್ತು. ಪಾಪಾರಾವ್ ಗಾರು ಉಂಡು ದೋಣಿಯ ತಾಡಪಾಲಿನ ನೆರಳಿನಲ್ಲಿ ಮಲಗಿದ್ದರು. ಯಾರನ್ನಾದರೂ ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ, ಅಷ್ಟು ಗೊತ್ತಿತ್ತು ನನಗೆ. ದೋಣಿಯಲ್ಲಿದ್ದ ಹಾರೆ ತೆಗೆದುಕೊಂಡು ನೀರಿಗಿಳಿದು, ತೆಂಗಿನಕಾಯಿ ಗಾತ್ರದ ಏಳು ಬಿಳಿ ಹವಳಗಳನ್ನು ಮೀಟಿ ತೆಗೆದೆ. ದಡದ ಮರಳಿನಲ್ಲಿ ಗುಂಡಿ ತೋಡಿದೆ. ಸುಣ್ಣ ಬೇಕಾಗಿತ್ತು. ದೋಣಿಯ ಮೂಲೆಯಲ್ಲಿದ್ದ ಡಬ್ಬಿಯನ್ನು ಸದ್ದಾಗದಂತೆ ತಂದು ಪೂರ್ತಿ ಸುರಿದು ಮುಚ್ಚಿದೆ. ಮಿಕ್ಕ ಹವಳವೆಲ್ಲ ಉಳಿಯಿತು ಎಂದುಕೊಂಡು ಕೈ ತೊಳೆದುಕೊಂಡೆ. ಆ ದಿನ ನನಗೆ ನನ್ನ ಮೇಲೆ ಇದ್ದಷ್ಟು ಮೆಚ್ಚುಗೆ ಆಮೇಲೆ ಯಾವತ್ತೂ ಇರಲಿಲ್ಲ.

ಸಂಜೆ ಪಾಪಾರಾವ್ ಗಾರು ಎಲೆ ಮಡಿಸಿಕೊಂಡು, ನಾನು ಖಾಲಿ ಮಾಡಿ ಅಲ್ಲೇ ಇಟ್ಟಿದ್ದ ಡಬ್ಬಿ ತೆಗೆದರು. "ನಾ ಸುನ್ನಂ ಏದಿ?" ನನ್ನ ಸುಣ್ಣ ಎಲ್ಲಿ ಎಂದು ಕೇಳಿದರು. ನಾನು ಆಕಾಶ ನೋಡಿದೆ. ಅವರು ನನ್ನ ಕೈ ನೋಡಿದರೋ ಇಲ್ಲವೋ ಆಗ ಗಮನಿಸಲಿಲ್ಲ.

ಎರಡು ದಿನಕ್ಕೆ ಹವಳ ತಜ್ಞೆ ಡಾಕ್ಟರ್ ಮೇಡಂ ಬಂದರು. ವರ್ಷಕ್ಕೆರಡು ಸಲ ಬಂದು ಹಲಗೆ, ಹಗ್ಗ, ಪೆನ್ಸಿಲು ಹಿಡಿದು ದಿಬ್ಬ ಅಳೆಯುವವರು. ನೀರಿನಿಂದ ಎದ್ದವರೇ ಹೇಳಿದರು, "ಏಳು ಹವಳ ಕಿತ್ತಿದ್ದಾರೆ. ಹಾರೆ ಗುರುತಿದೆ. ಕಳವು." ದಾಸ್ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ನಾನು ಧೈರ್ಯ ತಂದುಕೊಂಡು, ಬೆಳ್ಳಗಾದವು ಸತ್ತವಲ್ಲವೇ ಮೇಡಂ, ಸತ್ತದ್ದನ್ನು ಕಿತ್ತರೆ ಕಳವು ಹೇಗಾಗುತ್ತದೆ ಎಂದು ಕೇಳಿದೆ.

"ಯಾರು ಹೇಳಿದ್ದು ಸತ್ತಿವೆ ಅಂತ?" ಎಂದರು ಅವರು. "ನೀರು ಬಿಸಿಯಾಗಿದೆ. ಹವಳಕ್ಕೆ ಬಣ್ಣ ಕೊಡುವುದು, ಆಹಾರ ಕೊಡುವುದು ಅದರೊಳಗಿರುವ ಪಾಚಿ. ಬಿಸಿಗೆ ಅದು ಹೊರಟುಹೋಗಿದೆ, ಅದಕ್ಕೇ ಬಿಳುಪು. ಒಳಗೆ ಜೀವ ಇದೆ, ಉಪವಾಸ ಇದೆ, ಅಷ್ಟೇ. ಮುಟ್ಟದೆ ಬಿಟ್ಟರೆ, ನೀರು ತಣ್ಣಗಾದರೆ, ಎದ್ದು ಕೂರುತ್ತದೆ. ಬುಖಾರ್ ಅಂತ ತಿಳಿದುಕೋ."

ಬುಖಾರ್. ಜ್ವರ. ರೇಷ್ಮೆಯವರ ಮನೆಯಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ, ಹಳೆಯ ಚರ್ಮ ಕಳಚಲು. ಅದನ್ನೇ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು, ಮುಟ್ಟಲೇಬಾರದು. ಹೊರಗಿನವರು ಹುಳು ಮನೆಯ ಬಾಗಿಲಿಗೂ ಬರಬಾರದು. ನಡೆಯಲು ಬಂದಂದಿನಿಂದ ಕಲಿತ ನಿಯಮ ಅದು. ನಾನು ಜ್ವರಕ್ಕೆ ಕೂತವನ್ನು ಎತ್ತಿ ಜೀವಂತ ಹೂತುಬಿಟ್ಟಿದ್ದೆ. ಆ ಸಂಜೆ ಹೋಗಿ ಮರಳು ಕೆದಕಿದೆ. ಸುಣ್ಣ ಸುಟ್ಟ ಹವಳದಿಂದ ಕೊಳೆತ ವಾಸನೆ ಬಂತು. ಕಲ್ಲಿಗೆ ಆ ವಾಸನೆ ಬರುವುದಿಲ್ಲ. ನಾನು ಅಲ್ಲೇ ಕೂತು ಅತ್ತೆ. ಇದನ್ನು ಬರೆಯಲು ನನಗೆ ಈಗ ನಾಚಿಕೆಯಿಲ್ಲ.

ಮರುದಿನವೇ ಹೇಳಿಬಿಡಬೇಕಿತ್ತು. ಹೇಳುವಷ್ಟರಲ್ಲಿ ದಾಸ್ ಸಾಹೇಬರು ತನಿಖೆಗೆ ಒಬ್ಬನನ್ನು ನೇಮಿಸಿಬಿಟ್ಟಿದ್ದರು. ನನ್ನನ್ನೇ. ಆ ದಿಬ್ಬ ನಿನಗೆ ಚೆನ್ನಾಗಿ ಗೊತ್ತಲ್ಲ ಎಂದರು. ಹೀಗೆ ನಾನು ಎರಡು ವಾರ ನನ್ನನ್ನೇ ಹುಡುಕಿದೆ. ಹೆಜ್ಜೆ ಗುರುತು ಅಳೆದೆ, ನನ್ನ ಚಪ್ಪಲಿಯದೇ ಅಳತೆ ಬಂತು. 'ಕಳ್ಳನು ಸಾಧಾರಣ ಎತ್ತರದವನು, ಸ್ವಲ್ಪ ದಡ್ಡ' ಎಂದು ಹಿಂದಿಯಲ್ಲಿ ವರದಿ ಬರೆದೆ. ದಡ್ಡ ಎಂಬುದಕ್ಕೆ ಆಧಾರವೇನು ಎಂದು ಸಾಹೇಬರು ಅಂಚಿನಲ್ಲಿ ಕೇಳಿದ್ದರು.

ಅಲ್ಲಿಯವರೆಗೆ ತಮಾಷೆ. ಮೂರನೇ ವಾರ ಪಾಪಾರಾವ್ ಗಾರನ್ನು ದೋಣಿಯಿಂದ ಇಳಿಸಿದರು. ಆ ದಿನ ದಿಬ್ಬದ ಬಳಿ ಇದ್ದದ್ದು ಅವರ ದೋಣಿ ಒಂದೇ, ಹಾರೆ ದೋಣಿಯದೇ. ಅವರೇ ಕಿತ್ತು ಪೇಟೆಯ ಅಂಗಡಿಗೆ ಮಾರಿರಬಹುದು ಎಂದು ಇಂಗ್ಲಿಷಿನಲ್ಲಿ ಟಿಪ್ಪಣಿ ಹೋಯಿತು. ಅವರನ್ನು ಹಗ್ಗದ ಕೊಠಡಿ ಕಾಯಲು ಹಾಕಿದರು. ಸಮುದ್ರಕ್ಕೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು ಎಲೆ ಜಗಿಯುತ್ತಿದ್ದರು. ನನ್ನನ್ನು ಕಂಡರೆ ಎಂದಿನ ಹಾಗೆ "ರಾ ಬಾಬೂ", ಬಾರಪ್ಪ ಎನ್ನುತ್ತಿದ್ದರು. ಅವರು ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ನಾಲ್ಕು ದಿನ ತಡೆದೆ. ಐದನೆಯ ದಿನ ಸಾಹೇಬರ ಮುಂದೆ ನಿಂತು, "ಸಾರ್, ಅದು ಪಾಪಾರಾವ್ ಗಾರು ಅಲ್ಲ," ಎಂದೆ.

"ನಿನಗೆ ಹೇಗೆ ಗೊತ್ತು?"

ನಾನು ನನ್ನ ಚಪ್ಪಲಿ ನೋಡಿಕೊಂಡೆ. ಅವರು ಪೆನ್ನು ಚಾಚಿ, "ಲಿಖ್ ಕೇ ದೋ. ನಿನಗೆ ಸರಿಯಾಗಿ ಬರುವ ಭಾಷೆಯಲ್ಲಿ ಬರೆ," ಎಂದರು.

ನಾನು ಬರೆದೆ. ಪೂರ್ತಿ ಸತ್ಯವನ್ನೇ ಬರೆದೆ, ಕನ್ನಡದಲ್ಲಿ. ಕೊನೆಯ ಸಾಲು 'ಕಳ್ಳನು ಜಂಗಮಕೋಟೆಯವನು' ಎಂದು. ಸಾಹೇಬರು ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಏನು ಬರೆದಿದ್ದೀಯ ಎಂದರು. ಪಾಪಾರಾವ್ ಗಾರು ನಿರಪರಾಧಿ ಎಂದು ಬರೆದಿದ್ದೇನೆ ಸಾರ್ ಎಂದೆ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಅವರು ನನ್ನ ಮುಖವನ್ನು ಹಾಳೆಗಿಂತ ಹೆಚ್ಚು ಹೊತ್ತು ನೋಡಿದರು. ಓದಲು ಬಾರದ ಭಾಷೆಯನ್ನು ಅವರು ಆವತ್ತು ಓದಿದರು ಎಂದೇ ನನ್ನ ನಂಬಿಕೆ. ಹಾಳೆ ಫೈಲಿಗೆ ಸೇರಿತು. ಸಾಕ್ಷಿ ಸಾಲದೆಂದು ಪಾಪಾರಾವ್ ಗಾರು ದೋಣಿಗೆ ಮರಳಿದರು. ಇಂಗ್ಲಿಷ್ ಹಾಳೆಗಳಲ್ಲಿ ಮಾತ್ರ ಅನುಮಾನ ಹಾಗೇ ಉಳಿಯಿತು.

ರಜೆಯಲ್ಲಿ ಊರಿಗೆ ಬಂದಾಗ ನಮ್ಮಮ್ಮನಿಗೊಬ್ಬಳಿಗೆ ಹೇಳಿದೆ. ಅವಳು ಸೊಪ್ಪು ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟಳು.

"ಸುಣ್ಣಕಟ್ಟು ಆದ್ರೆ ಗಟ್ಟಿಯಾಗಿರ್ತದಲ್ಲೋ. ಮುಟ್ಟಿ ನೋಡ್ಲಿಲ್ವಾ?"

"ನೋಡ್ದೆ ಕಣಮ್ಮ. ಗಟ್ಟಿಯಾಗೇ ಇತ್ತು."

"ಪಕ್ಕದಲ್ಲಿ ಚೆನ್ನಾಗಿರೋದನ್ನ ಮುಟ್ಟಿದ್ಯಾ?"

"ಅದೂ ಗಟ್ಟಿಯಾಗೇ ಇತ್ತು."

ಅಮ್ಮ ಮತ್ತೆ ಕತ್ತಿ ಕೈಗೆತ್ತಿಕೊಂಡಳು. "ಸರ್ಕಾರದೋರು ನಿಂಗೆ ಸಂಬಳ ಬೇರೆ ಕೊಡ್ತಾರೆ," ಅಂದಳು.

ಅಲ್ಲಿಂದ ವರ್ಷಗಳು ಕಳೆದವು. ಹಗ್ಗ, ಹಲಗೆ ಹೋಗಿ ನೀರೊಳಗಿನ ಕ್ಯಾಮೆರಾ ಬಂತು, ಜಿಪಿಎಸ್ ಬಂತು. ಹೊಸ ನಕ್ಷೆ ಮಾಡುವಾಗ ಸ್ಥಳೀಯ ಹೆಸರುಗಳೇನು ಎಂದು ದೋಣಿಯವರನ್ನು ಕೇಳಿದರು. ಅವರು ಹೇಳಿದ್ದು ಹಾಗೇ ಅಚ್ಚಾಯಿತು. ಇವತ್ತಿಗೂ ಆ ನಕ್ಷೆಯಲ್ಲಿ ಮುರುಗಮಲ್ಲ, ಚಿಂತಾಮಣಿ, ಜಂಗಮಕೋಟೆ ನೀರಿನಲ್ಲಿ ಮುಳುಗಿಕೊಂಡಿವೆ. ಗೌರಿಬಿದನೂರಿಗೆ ಜಾಗ ಸಿಗಲಿಲ್ಲ, ಅಲ್ಲಿಯವರು ಕ್ಷಮಿಸಬೇಕು.

ಪಾಪಾರಾವ್ ಗಾರ ನೌಕರಿಯ ಕೊನೆಯ ವರ್ಷ ಮತ್ತೆ ಬಿಸಿ ಬಂತು. ಈ ಸಲ ಜಂಗಮಕೋಟೆ ಪೂರ್ತಿ ಬೆಳ್ಳಗಾಯಿತು. ಅದೇ ವಾರ ದಿಲ್ಲಿಯಿಂದ ಒಬ್ಬ ದೊಡ್ಡ ಮನುಷ್ಯರು ಸಂಸಾರ ಸಮೇತ ಬರುವವರಿದ್ದರು. ಇಳಿತದಲ್ಲಿ ಹವಳದ ನಡುವೆ ನಡೆದಾಡಬೇಕು, ಫೋಟೋ ಹಿಡಿಸಿಕೊಳ್ಳಬೇಕು, ಜೆಟ್ಟಿಗೆ ಹತ್ತಿರದ ದಿಬ್ಬ ಸಿದ್ಧ ಮಾಡಿ ಎಂದು ಮೇಲಿನಿಂದ ಆದೇಶ. ಹನ್ನೆರಡು ಜೊತೆ ಕಾಲು ಜ್ವರಕ್ಕೆ ಕೂತ ಹವಳದ ಮೇಲೆ. ಬೇಡ ಎನ್ನುವ ಅಧಿಕಾರ ನನಗಿರಲಿಲ್ಲ, ದಾಸ್ ಸಾಹೇಬರು ಎಂದೋ ನಿವೃತ್ತರಾಗಿದ್ದರು.

ಆದೇಶದ ಪ್ರಕಾರ ನಾನು ಸಿದ್ಧ ಮಾಡಿದೆ, ನಮ್ಮಮ್ಮ ಹುಳು ಮನೆ ಬಾಗಿಲು ಸಿದ್ಧ ಮಾಡುವ ಹಾಗೆ. ಜೆಟ್ಟಿಯ ಕೊನೆಯಲ್ಲಿ ಕಾಲು ತೊಳೆಯಲು ಬೇಸಿನ್ ನೀರು, ಅದರ ಮುಂದೆ ಸುಣ್ಣದ ಪುಡಿ ಹರಡಿದ ಅಗಲ ತಟ್ಟೆ, ಮೇಲೆ ಹಗ್ಗಕ್ಕೆ ಬೇವಿನ ಸೊಪ್ಪು. ಬಾಯಿಗೆ ಟವಲು ಕಟ್ಟಿಕೊಂಡು ನಿಂತೆ. ದೊಡ್ಡ ಮನುಷ್ಯರು ಬಂದು ತಟ್ಟೆಯ ಮುಂದೆ ನಿಂತರು. ಇದೇನು ಎಂದು ಕೇಳಿದರು.

"ಜ್ವರ ಸಾಬ್," ಎಂದೆ ಹಿಂದಿಯಲ್ಲಿ.

"ಯಾರಿಗೆ?"

"ಪೂರ್ತಿ ಜಂಗಮಕೋಟೆಗೆ."

ಅವರ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದರು. "ಅಂಟುತ್ತದಾ?" ಎಂದು ಕೇಳಿದರು.

"ನಮಗೆ ಗೊತ್ತಿರುವ ಮಟ್ಟಿಗೆ ಇದುವರೆಗೆ ಯಾವ ಮನುಷ್ಯರಿಗೂ ಅಂಟಿಲ್ಲ ಮೇಡಂ," ಎಂದೆ. ನಾನು ಒಂದಕ್ಷರ ಸುಳ್ಳು ಹೇಳಲಿಲ್ಲ. 'ಇದುವರೆಗೆ' ಎಂಬ ಮಾತನ್ನು ಮಾತ್ರ ಸ್ವಲ್ಪ ಎಳೆದು ಹೇಳಿರಬಹುದು. ಅವರು ಸಂಸಾರ ಸಮೇತ ಅತಿಥಿಗೃಹಕ್ಕೆ ಹಿಂತಿರುಗಿ ಮೀನಿನ ಊಟ ಮಾಡಿದರು.

ಪಾಪಾರಾವ್ ಗಾರು ಅಷ್ಟು ಹೊತ್ತೂ ದೋಣಿಯಲ್ಲೇ ಕೂತು ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಇಳಿದು ಬಂದು, ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೆರಳಿನಿಂದ ಪುಡಿ ಮುಟ್ಟಿ ನೋಡಿ, ತಲೆ ಎತ್ತದೆ ಕೇಳಿದರು.

"ಈಸಾರಿ ಸುನ್ನಂ ಎವರಿದಿ?"

ಈ ಸಲ ಸುಣ್ಣ ಯಾರದು. ಅಷ್ಟೂ ವರ್ಷ ಅವರಿಗೆ ಗೊತ್ತಿತ್ತು. ಹಗ್ಗದ ಕೊಠಡಿಯ ಸ್ಟೂಲಿನ ಮೇಲೆ ಕೂತಾಗಲೂ ಗೊತ್ತಿತ್ತು. ನಾನು ಟವಲನ್ನು ಬಾಯಿಂದ ಬಿಚ್ಚಿದೆ. ಅವರು ನನ್ನ ಬೆನ್ನು ತಟ್ಟಿ ದೋಣಿಗೆ ಹೋದರು. ಮಳೆ ಬಿದ್ದು ನೀರು ತಣ್ಣಗಾದ ಮೇಲೆ ಜಂಗಮಕೋಟೆಯಲ್ಲಿ ಮುಕ್ಕಾಲು ಪಾಲು ಹವಳ ಬಣ್ಣ ತಿರುಗಿತು. ಊರಿಗೆ ಫೋನು ಮಾಡಿದಾಗ ಅಮ್ಮ ನನ್ನ ಆರೋಗ್ಯ ಕೇಳಲಿಲ್ಲ. "ಎದ್ವಾ?" ಎಂದು ಕೇಳಿದಳು. ರೇಷ್ಮೆಯವರು ಜ್ವರದ ಮಾರನೇ ದಿನ ಒಬ್ಬರನ್ನೊಬ್ಬರು ಕೇಳುವ ಮಾತು ಅದು. ಎದ್ವು ಕಣಮ್ಮ ಎಂದೆ.

ಇಲ್ಲಿಗೆ ಮುಗಿಸಿ, ಭವ್ಯ ಹೊರಡುವ ದಿನ ಇದನ್ನು ಕೈಗೆ ಕೊಟ್ಟೆ. ಹಡಗಿನಲ್ಲಿ ಓದಿಕೊಂಡಳಂತೆ. ಹೋದ ಹತ್ತನೇ ದಿನ ಬೀರು ತೆಗೆದಳು. ನನ್ನ ಹಾಳೆ ಹಳದಿಯಾಗಿತ್ತು, ಹುಳ ಹಿಡಿದಿರಲಿಲ್ಲ. ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಪಾಪಾರಾವ್ ಗಾರ ಮೇಲಿನ ಅನುಮಾನ ತೆಗೆಯಬೇಕೆಂದು ಬರೆದು ಈಗಿನ ಸಾಹೇಬರ ಮುಂದಿಟ್ಟಳು. ಕಳ್ಳನು ಜಂಗಮಕೋಟೆಯವನು ಎಂಬ ಸಾಲು ಓದಿ, ಅವರು ನಕ್ಷೆ ನೋಡಿ, ಆ ದಿಬ್ಬಕ್ಕೆ ತಕ್ಷಣ ಗಸ್ತು ದೋಣಿ ಕಳಿಸಿದರಂತೆ. ಆಮೇಲೆ ಅವಳು ಬಿಡಿಸಿ ಹೇಳಿದಳು. ಫೈಲು ಮುಚ್ಚಿತು, ಅನುಮಾನ ಹೊಡೆದುಹಾಕಿದರು.

ಪಾಪಾರಾವ್ ಗಾರು ಇನ್ನೂ ಅಲ್ಲೇ ಜೆಟ್ಟಿಯ ಹಿಂದಿನ ಕೇರಿಯಲ್ಲಿದ್ದಾರೆ, ಕಣ್ಣು ಮಂಜಾಗಿದೆಯಂತೆ. ಭವ್ಯ ಆ ಆದೇಶವನ್ನೂ ನನ್ನ ಹಾಳೆಯನ್ನೂ ಹಿಡಿದುಕೊಂಡು ಅವರ ಮನೆಗೆ ಹೋದಳು. ನಿನ್ನೆ ವಾಟ್ಸ್ಯಾಪಿನಲ್ಲಿ ಅವಳ ದನಿ ಬಂತು.

"ಅಂಕಲ್, ತಾತಂಗೆ ನಿಮ್ ಕಾಗದಾನ ತೆಲುಗಲ್ಲಿ ಪೂರ್ತಿ ಓದಿ ಹೇಳ್ದೆ. ಕಣ್ಣೊರೆಸ್ಕೊಂಡ್ರು. ಇನ್ನೊಂದ್ಸಲ ಓದು ಅಂದ್ರು, ಓದ್ದೆ. ಆಮೇಲೆ ಒಂದೇ ಮಾತು ಕೇಳಿದ್ರು. ಇದ್ರಲ್ಲಿ ಹವಳ ಕಿತ್ತಿದ್ದು ಬರ್ದಿದ್ದಾನೆ, ಹೂತಿದ್ದು ಬರ್ದಿದ್ದಾನೆ, ನನ್ ಸುಣ್ಣ ತಗೊಂಡಿದ್ದು ಎಲ್ಲಿ ಬರ್ದಿದ್ದಾನೆ ಅಂತ."

ಮೂರು ಸಲ ಕೇಳಿಸಿಕೊಂಡೆ. ಹೌದು, ಪೂರ್ತಿ ಸತ್ಯ ಬರೆದೆ ಎಂದು ಇಷ್ಟು ವರ್ಷ ನಂಬಿದ್ದೆ, ಅದರಲ್ಲೂ ಒಂದು ಡಬ್ಬಿ ಕಮ್ಮಿ ಇತ್ತು. ಭವ್ಯ, ಈ ಕೊನೆಯ ಹಾಳೆಯನ್ನೂ ಆ ಫೈಲಿಗೆ ಸೇರಿಸಮ್ಮ. ಆ ಮಧ್ಯಾಹ್ನ ಪಾಪಾರಾವ್ ಗಾರು ಮಲಗಿದ್ದಾಗ ಅವರ ಸುಣ್ಣದ ಡಬ್ಬಿಯನ್ನು ಕೇಳದೆ ತೆಗೆದುಕೊಂಡು ತಳದವರೆಗೆ ಖಾಲಿ ಮಾಡಿದವನು ನಾನು, ಜಂಗಮಕೋಟೆಯ ಮುನಿರಾಜು. ಬರೆದುಕೊಟ್ಟಿದ್ದೇನೆ.